ಅಪ್ಪನ ರೈಲ್ವೆ ಕ್ವಾರ್ಟರ್ಸ್ ಮಗ ಅಥವಾ ಮಗಳ ಹೆಸರಿಗೆ: ನಿವೃತ್ತಿಗೆ ಮೊದಲೇ ಮಾಡಿಕೊಳ್ಳಬೇಕಾದ ಕೆಲಸಗಳು

ಹುಬ್ಬಳ್ಳಿಯ ಗದಗ ರಸ್ತೆ ಮತ್ತು ಕೇಶ್ವಾಪುರದ ಸುತ್ತಲಿನ ರೈಲ್ವೆ ಕಾಲೊನಿಗಳಲ್ಲಿ ತಂದೆ ಕಾರ್ಯಾಗಾರದಲ್ಲಿ, ಮಗ ಲೋಕೊ ವಿಭಾಗದಲ್ಲಿ, ಮಗಳು ಟಿಕೆಟ್ ಕೌಂಟರಿನಲ್ಲಿ ದುಡಿಯುವ ಮನೆಗಳು ಹೊಸವೇನಲ್ಲ. 2003ರ ಏಪ್ರಿಲ್ 1ರಿಂದ ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ ಇಲ್ಲಿಯೇ ಇರುವುದರಿಂದ ಅಂಥ ಮನೆಗಳ ಸಂಖ್ಯೆ ಹೆಚ್ಚಿದೆ. ಆ ಕುಟುಂಬಗಳಲ್ಲಿ ಹಿರಿಯರು ನಿವೃತ್ತರಾದಾಗ, ಇಲ್ಲವೆ ಸೇವೆಯಲ್ಲಿರುವಾಗಲೇ ತೀರಿಕೊಂಡಾಗ, ಇರುವ ಕ್ವಾರ್ಟರ್ಸನ್ನೇ ನೌಕರಿಯಲ್ಲಿರುವ ಮಗನ ಅಥವಾ ಮಗಳ ಹೆಸರಿಗೆ ಮಾಡಿಸಿಕೊಳ್ಳಬಹುದೇ ಎಂಬ ಪ್ರಶ್ನೆ ಏಳುತ್ತದೆ. ಮಾಡಿಸಿಕೊಳ್ಳಬಹುದು, ರೈಲ್ವೆಯ ನಿಯಮದಲ್ಲಿ ಅದಕ್ಕೆ ಸ್ಪಷ್ಟವಾದ ಅವಕಾಶವಿದೆ. ಆದರೆ ಆ ಅವಕಾಶ ನಿಮಗೆ ಸಿಗುತ್ತದೆಯೋ ಇಲ್ಲವೋ ಎಂಬುದು ತೀರ್ಮಾನವಾಗುವುದು ನಿವೃತ್ತಿಯ ನಂತರ ಕೊಡುವ ಅರ್ಜಿಯಿಂದಲ್ಲ, ನಿವೃತ್ತಿಗೆ ಮೊದಲಿನ ಆರು ತಿಂಗಳ ದಾಖಲೆಗಳಿಂದ. ಅರ್ಹತೆ ಇದ್ದವರೂ ಎಡವುವುದು ಇಲ್ಲಿಯೇ ಆದ್ದರಿಂದ, ಈ ಬರಹದಲ್ಲಿ ಆ ಆರು ತಿಂಗಳಿಗೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ಬಿಡಿಸಿಕೊಳ್ಳಬೇಕು. ಕ್ವಾರ್ಟರ್ಸ್ ಎಂಬುದು ಆಸ್ತಿಯಲ್ಲ, ನೌಕರಿಯ ಜೊತೆಗೆ ಬರುವ ಸೌಲಭ್ಯ. ತಿಂಗಳು ತಿಂಗಳು ಸಂಬಳದಲ್ಲಿ ಕಡಿತವಾಗುವ ಹಣವನ್ನು ನಾವು ಬಾಡಿಗೆ ಎಂದು ಕರೆದರೂ ಕಾನೂನಿನ ದೃಷ್ಟಿಯಲ್ಲಿ ಅದು ಪರವಾನಗಿ ಶುಲ್ಕ, ಅಂದರೆ ಅಲ್ಲಿ ವಾಸವಿರಲು ಕೊಟ್ಟ ಅನುಮತಿಯ ಬೆಲೆ. ಆದ್ದರಿಂದ ಪ್ರಾವಿಡೆಂಟ್ ಫಂಡಿಗೂ ಗ್ರಾಚ್ಯುಟಿಗೂ ತುಂಬಿದ ನಾಮನಿರ್ದೇಶನದ ಫಾರಂ ಇಲ್ಲಿ ಕೆಲಸಕ್ಕೆ ಬಾರದು. ಮೃತ್ಯುಪತ್ರ ಬರೆದಿಟ್ಟರೂ, ವಂಶವೃಕ್ಷ ತಂದುಕೊಟ್ಟರೂ ಮನೆ ವಾರಸುದಾರರಿಗೆ ಬರುವುದಿಲ್ಲ. ಮನೆ ಪಡೆಯುವವರು ಸ್ವತಃ ರೈಲ್ವೆ ನೌಕರರಾಗಿರಬೇಕು ಮತ್ತು ಆ ಊರಿನಲ್ಲಿ ರೈಲ್ವೆ ವಸತಿ ಪಡೆಯುವ ಅರ್ಹತೆ ಅವರಿಗೆ ಇರಬೇಕು. ಹೆಸ್ಕಾಂನಲ್ಲಿಯೋ, ಸಾರಿಗೆ ಸಂಸ್ಥೆಯಲ್ಲಿಯೋ, ರಾಜ್ಯ ಸರ್ಕಾರದ ಶಾಲೆಯಲ್ಲಿಯೋ ಕೆಲಸದಲ್ಲಿರುವ ಮಗನಿಗೆ ಈ ದಾರಿ ಇಲ್ಲ.

ನಿಯಮ ಏನು ಹೇಳುತ್ತದೆ

ರೈಲ್ವೆ ಮಂಡಳಿಯು 1990ರ ಜನವರಿ 15ರಂದು ಹೊರಡಿಸಿದ ಪತ್ರ ಈ ವಿಷಯದಲ್ಲಿ ಇಂದಿಗೂ ಬುನಾದಿ. ಕ್ವಾರ್ಟರ್ಸ್ ಪಡೆದ ನೌಕರರು ನಿವೃತ್ತರಾದರೆ ಅಥವಾ ಸೇವೆಯಲ್ಲಿದ್ದಾಗ ತೀರಿಕೊಂಡರೆ ಅವರ ಮಗ, ಮಗಳು, ಹೆಂಡತಿ, ಗಂಡ ಅಥವಾ ತಂದೆಗೆ ಸರದಿಯನ್ನು ಕಾಯದೆ ಮನೆ ಹಂಚಿಕೆ ಮಾಡಬಹುದು. ಆದರೆ ಆ ಸಂಬಂಧಿಕರು ವಸತಿಗೆ ಅರ್ಹರಾದ ರೈಲ್ವೆ ನೌಕರರಾಗಿರಬೇಕು, ನಿವೃತ್ತಿ ಅಥವಾ ಮರಣದ ದಿನಕ್ಕೆ ಹಿಂದಿನ ಕನಿಷ್ಠ ಆರು ತಿಂಗಳು ಅದೇ ಮನೆಯಲ್ಲಿ ಜೊತೆಗೆ ವಾಸವಾಗಿರಬೇಕು, ಮತ್ತು ಆ ಅವಧಿಯಲ್ಲಿ ಮನೆ ಬಾಡಿಗೆ ಭತ್ಯೆಯನ್ನು, ಅಂದರೆ ಎಚ್‌ಆರ್‌ಎಯನ್ನು, ಪಡೆದಿರಬಾರದು. ಈ ಮೂರು ಷರತ್ತುಗಳಲ್ಲಿ ಯಾವುದೊಂದು ತಪ್ಪಿದರೂ ಕಡತ ಅಲ್ಲಿಗೇ ನಿಲ್ಲುತ್ತದೆ.

ನಾಲ್ಕನೆಯ ಷರತ್ತೊಂದಿದೆ, ಅದನ್ನು ಅನೇಕರು ಕೊನೆಯವರೆಗೂ ಗಮನಿಸುವುದಿಲ್ಲ. ನಿವೃತ್ತರಾಗುವವರಾಗಲಿ, ತೀರಿಕೊಂಡವರಾಗಲಿ, ಕುಟುಂಬದ ಸದಸ್ಯರಾಗಲಿ ಅದೇ ಊರಿನಲ್ಲಿ ಸ್ವಂತ ಮನೆ ಹೊಂದಿದ್ದರೆ ಈ ರಿಯಾಯಿತಿ ಸಿಗುವುದಿಲ್ಲ. ನಿವೃತ್ತಿ ಹತ್ತಿರವಾದಾಗ ಪಿ.ಎಫ್. ಹಣ ತೆಗೆದು ನವನಗರದಲ್ಲಿಯೋ ಗೋಕುಲ ರಸ್ತೆಯಲ್ಲಿಯೋ ಅವ್ವನ ಹೆಸರಿನಲ್ಲಿ ಮನೆ ಕಟ್ಟಿಸಿ, ಅದನ್ನು ಬಾಡಿಗೆಗೆ ಕೊಟ್ಟು, ತಾವು ಮಾತ್ರ ಕ್ವಾರ್ಟರ್ಸಿನಲ್ಲೇ ಮುಂದುವರಿಯುವ ಲೆಕ್ಕ ಹಾಕಿದವರು ಈ ಷರತ್ತನ್ನು ಮೊದಲೇ ಓದಿಕೊಳ್ಳಬೇಕು. ಸ್ವಂತ ಮನೆ ಇಲ್ಲವೆಂದು ಘೋಷಣಾ ಪತ್ರ ಬರೆದುಕೊಡಬೇಕಾಗುವುದರಿಂದ, ಅದು ಸುಳ್ಳೆಂದು ಆಮೇಲೆ ಗೊತ್ತಾದರೆ ಮನೆ ಹೋಗುವುದಷ್ಟೇ ಅಲ್ಲ, ಮಗನ ನೌಕರಿಯ ಮೇಲೂ ಶಿಸ್ತುಕ್ರಮ ಬರುತ್ತದೆ.

ಪಟ್ಟಿಯಲ್ಲಿ ಮಗಳ ಹೆಸರು ಮಗನ ಪಕ್ಕದಲ್ಲೇ ಇದೆ ಎಂಬುದನ್ನು ಒತ್ತಿ ಹೇಳುತ್ತೇನೆ. ನಮ್ಮ ಕಡೆ ಈ ಮಾತು ಬಂದಾಗ ತಂದೆಯಂದಿರು ಮಗನ ಹೆಸರನ್ನಷ್ಟೇ ಯೋಚಿಸುವುದು ರೂಢಿ. ಮಗ ಬೆಂಗಳೂರಿನ ಖಾಸಗಿ ಕಂಪನಿಯಲ್ಲಿದ್ದು, ಮಗಳು ಹುಬ್ಬಳ್ಳಿ ವಿಭಾಗದಲ್ಲೇ ನೌಕರಿಯಲ್ಲಿದ್ದರೂ ಅವಳ ಹೆಸರು ತಲೆಗೆ ಬರುವುದಿಲ್ಲ. ಮಗಳಿಗೆ ಮದುವೆಯಾಗಿದ್ದರೂ ದಾರಿ ಪೂರ್ತಿ ಮುಚ್ಚುವುದಿಲ್ಲ. ನಿವೃತ್ತರಾಗುವವರಿಗೆ ಗಂಡುಮಕ್ಕಳು ಇಲ್ಲದಿದ್ದರೆ, ಅಥವಾ ಗಂಡುಮಕ್ಕಳಿದ್ದರೂ ಅವರು ತಂದೆತಾಯಿಯನ್ನು ನೋಡಿಕೊಳ್ಳುವ ಸ್ಥಿತಿಯಲ್ಲಿಲ್ಲದೆ ವಿವಾಹಿತ ಮಗಳೊಬ್ಬಳೇ ಆ ಹೊಣೆ ಹೊತ್ತಿದ್ದರೆ, ಆಕೆಯನ್ನೂ ಪರಿಗಣಿಸಬಹುದೆಂದು ಮಂಡಳಿಯ ಆದೇಶವಿದೆ. ಸೊಸೆ, ತಮ್ಮ, ಅಳಿಯ ಮೇಲಿನ ಐವರ ಪಟ್ಟಿಯಲ್ಲಿ ಇಲ್ಲ. ಆದ್ದರಿಂದ ಅವರ ಹೆಸರಿಗೆ ಮಾಡಿಸುವ ಉದ್ದೇಶವಿದ್ದವರು ಬಾಯಿಮಾತಿನ ಭರವಸೆಯನ್ನು ನಂಬಿ ಕೂರದೆ, ನಿವೃತ್ತಿಗೆ ಸಾಕಷ್ಟು ಮೊದಲೇ ಲಿಖಿತವಾಗಿ ಕೇಳಿ ಲಿಖಿತವಾಗಿಯೇ ಉತ್ತರ ಪಡೆಯಬೇಕು.

ಆರು ತಿಂಗಳ ಲೆಕ್ಕ

ನಿವೃತ್ತಿಯ ದಿನಾಂಕ ನೌಕರಿಗೆ ಸೇರಿದ ದಿನವೇ ಗೊತ್ತಿರುತ್ತದೆ. ಅರವತ್ತು ತುಂಬುವ ತಿಂಗಳ ಕೊನೆಯ ದಿನ ನಿವೃತ್ತಿ. ಹುಟ್ಟಿದ್ದು ತಿಂಗಳ 1ನೇ ತಾರೀಖಿನಂದಾದರೆ ಹಿಂದಿನ ತಿಂಗಳ ಕೊನೆಯ ದಿನ. ಉದಾಹರಣೆಗೆ, 1966ರ ನವೆಂಬರ್ 12ರಂದು ಹುಟ್ಟಿದವರು 2026ರ ನವೆಂಬರ್ 30ರಂದು ನಿವೃತ್ತರಾಗುತ್ತಾರೆ. ಹಾಗಾದರೆ ಅವರ ಮಗ ಜೊತೆಯಲ್ಲಿ ವಾಸವಿರುವುದು ಮತ್ತು ಭತ್ಯೆ ನಿಂತಿರುವುದು, ಎರಡೂ ಮೇ 31ಕ್ಕೆ ಮೊದಲೇ ದಾಖಲೆಯಲ್ಲಿ ಕಾಣಬೇಕು. ಸಂಬಳದ ಬಿಲ್ಲು ಪ್ರತಿ ತಿಂಗಳೂ ಕೊನೆಗೆ ಸಾಕಷ್ಟು ಮುಂಚೆಯೇ ತಯಾರಾಗುವುದರಿಂದ, ಮೇ ತಿಂಗಳಿನಲ್ಲಿ ಕೊಟ್ಟ ಪತ್ರ ಜೂನ್ ಅಥವಾ ಜುಲೈ ಸಂಬಳದಲ್ಲಷ್ಟೇ ಕಾಣಿಸಿಕೊಳ್ಳಬಹುದು, ಆಗ ಒಂದು ತಿಂಗಳು ಕಡಿಮೆ ಬಿದ್ದು ಎಲ್ಲವೂ ಕೆಡುತ್ತದೆ. ಆದ್ದರಿಂದ ಆರು ತಿಂಗಳೆಂದು ನಿಯಮದಲ್ಲಿದ್ದರೂ ನೀವು ಒಂಬತ್ತು ತಿಂಗಳೆಂದು ತಿಳಿದುಕೊಂಡು ಹೊರಡಿ. ಇನ್ನೂ ಒಳ್ಳೆಯದೆಂದರೆ, ಮಗ ಅಥವಾ ಮಗಳು ಅದೇ ಊರಿನಲ್ಲಿ ನೌಕರಿಗೆ ಹಾಜರಾಗಿ ಆ ಮನೆಯಲ್ಲೇ ಇರಲು ಶುರುಮಾಡಿದ ತಿಂಗಳಲ್ಲೇ ಈ ಕೆಲಸ ಮುಗಿಸುವುದು. ನಿವೃತ್ತಿಯ ತಾರೀಖು ಮೊದಲೇ ಗೊತ್ತಿರುತ್ತದೆ, ಸಾವಿನ ತಾರೀಖು ಗೊತ್ತಿರುವುದಿಲ್ಲ.

ಇಲ್ಲಿ ಹಣದ ಲೆಕ್ಕವನ್ನು ನೇರವಾಗಿ ನೋಡಿಬಿಡುವುದು ಒಳಿತು, ಏಕೆಂದರೆ ಜನ ಹಿಂಜರಿಯುವುದು ಹಣಕ್ಕಾಗಿಯೇ. ಎಚ್‌ಆರ್‌ಎ ಲೆಕ್ಕಕ್ಕಾಗಿ ಊರುಗಳನ್ನು ಜನಸಂಖ್ಯೆಗೆ ತಕ್ಕಂತೆ ವಿಂಗಡಿಸಿದ್ದು, ಅದರಲ್ಲಿ ಹುಬ್ಬಳ್ಳಿ-ಧಾರವಾಡ ‘ವೈ’ ವರ್ಗದ ನಗರ. ಏಳನೇ ವೇತನ ಆಯೋಗದ ದರದಂತೆ, ತುಟ್ಟಿಭತ್ಯೆ ಶೇ. 50 ಮುಟ್ಟಿದ 2024ರ ಜನವರಿಯಿಂದ ಇಲ್ಲಿ ಮೂಲವೇತನದ ಶೇ. 20ರಷ್ಟು ಎಚ್‌ಆರ್‌ಎ ಸಿಗುತ್ತದೆ. ‘ಝಡ್’ ವರ್ಗದ ಗದಗದಲ್ಲಿ ಶೇ. 10. ಮೂಲವೇತನ 19,900 ರೂಪಾಯಿ ಇರುವ ಹೊಸ ನೌಕರನಿಗೆ ಹುಬ್ಬಳ್ಳಿಯಲ್ಲಿ ತಿಂಗಳಿಗೆ 3,980 ರೂಪಾಯಿ, ಆರು ತಿಂಗಳಿಗೆ 23,880 ರೂಪಾಯಿ. ಹೊಸದಾಗಿ ಸಂಸಾರ ಹೂಡಿದವರಿಗೆ ಇದು ಸಣ್ಣ ಮೊತ್ತವಲ್ಲ, ನಿಜ. ಆದರೆ ಕೇಂದ್ರ ಸರ್ಕಾರದ ಭತ್ಯೆಯ ನಿಯಮದ ಪ್ರಕಾರ, ತಂದೆ ಅಥವಾ ತಾಯಿಗೆ ಸರ್ಕಾರ ಹಂಚಿದ ಮನೆಯಲ್ಲಿ ವಾಸಿಸುವ ನೌಕರರಿಗೆ ಎಚ್‌ಆರ್‌ಎ ಪಡೆಯುವ ಹಕ್ಕೇ ಇಲ್ಲ. ಅಂದರೆ ಅಪ್ಪನ ಕ್ವಾರ್ಟರ್ಸಿನಲ್ಲಿ ಇದ್ದುಕೊಂಡು ಭತ್ಯೆ ತೆಗೆದುಕೊಳ್ಳುವವನು ಮುಂದೆ ಮನೆಯ ಹಕ್ಕನ್ನು ಕಳೆದುಕೊಳ್ಳುವುದಲ್ಲದೆ, ಪಡೆದ ಹಣವನ್ನೂ ಹಿಂದಿರುಗಿಸುವ ಸ್ಥಿತಿಗೆ ಬರಬಹುದು. ಬೇರೆ ಕಡೆ ಬಾಡಿಗೆ ಮನೆಯಲ್ಲಿದ್ದೇನೆಂದು ಭತ್ಯೆಗೆ ಬರೆದುಕೊಟ್ಟವರು, ಅದೇ ತಿಂಗಳುಗಳಲ್ಲಿ ತಂದೆಯ ಜೊತೆಗೇ ಇದ್ದೆನೆಂದು ಅರ್ಜಿಯಲ್ಲಿ ಬರೆಯಲು ಸಾಧ್ಯವಿಲ್ಲ. ಆಮೇಲೆ ಹಣ ಕಟ್ಟಿಬಿಡುತ್ತೇನೆ, ಹಿಂದಿನ ತಾರೀಖಿನಿಂದ ಸರಿಮಾಡಿಕೊಡಿ ಎಂಬ ಕೋರಿಕೆಯನ್ನು ನೆಚ್ಚಿಕೊಳ್ಳಬೇಡಿ. ಷರತ್ತು ಹೇಳುವುದು ‘ಪಡೆದಿರಬಾರದು’ ಎಂದೇ ಹೊರತು ‘ಹಿಂದಿರುಗಿಸಬೇಕು’ ಎಂದಲ್ಲ.

ಜೊತೆಯಲ್ಲಿ ವಾಸಿಸುವ ಅನುಮತಿಯನ್ನು ಕಚೇರಿಗಳಲ್ಲಿ ಶೇರಿಂಗ್ ಪರ್ಮಿಷನ್ ಎನ್ನುತ್ತಾರೆ. ಅದನ್ನು ಕೇಳಬೇಕಾದವರು ಮನೆ ಯಾರ ಹೆಸರಿನಲ್ಲಿದೆಯೋ ಅವರು, ಅಂದರೆ ತಂದೆ ಅಥವಾ ತಾಯಿ; ಅದಕ್ಕೆ ಮಗ ಅಥವಾ ಮಗಳ ಒಪ್ಪಿಗೆಯ ಪತ್ರವೂ ಜೊತೆಗಿರಬೇಕು. ಪತ್ರ ಉದ್ದವಾಗಿರಬೇಕಿಲ್ಲ. ಇಂಗ್ಲಿಷಿನಲ್ಲಿ ಅಥವಾ ಹಿಂದಿಯಲ್ಲಿ ಬರೆಯುವುದು ರೂಢಿ, ಒಕ್ಕಣೆ ಮಾತ್ರ ಈ ಅರ್ಥದಲ್ಲಿರಲಿ:

“ನಾನು ಇಂಥ ಹುದ್ದೆಯಲ್ಲಿ, ಇಂಥ ಕಚೇರಿಯಲ್ಲಿ ಸೇವೆ ಸಲ್ಲಿಸುತ್ತಿದ್ದು, ಇಂಥ ಕಾಲೊನಿಯ ಇಂಥ ಸಂಖ್ಯೆಯ, ಇಂಥ ಟೈಪಿನ ಕ್ವಾರ್ಟರ್ಸ್ ನನಗೆ ಹಂಚಿಕೆಯಾಗಿದೆ. ನನ್ನ ಮಗಳು ಇಂಥವಳು, ಇಂಥ ಕಚೇರಿಯಲ್ಲಿ ಇಂಥ ಹುದ್ದೆಯಲ್ಲಿದ್ದು, ಇಂಥ ದಿನಾಂಕದಿಂದ ನನ್ನೊಂದಿಗೆ ಇದೇ ಮನೆಯಲ್ಲಿ ವಾಸವಾಗಿದ್ದಾಳೆ. ಆಕೆಗೆ ನನ್ನೊಂದಿಗೆ ವಾಸಿಸಲು ಅನುಮತಿ ನೀಡಬೇಕೆಂದೂ, ಅದೇ ದಿನಾಂಕದಿಂದ ಆಕೆಯ ಮನೆ ಬಾಡಿಗೆ ಭತ್ಯೆಯನ್ನು ನಿಲ್ಲಿಸುವಂತೆ ಸಂಬಂಧಿಸಿದ ಬಿಲ್ ಶಾಖೆಗೆ ತಿಳಿಸಬೇಕೆಂದೂ ಕೋರುತ್ತೇನೆ.”

ಕೊನೆಯ ವಾಕ್ಯವನ್ನು ಬಿಡಬೇಡಿ. ಅನುಮತಿ ಕೊಡುವ ಶಾಖೆ ಒಂದು, ಸಂಬಳದ ಬಿಲ್ಲು ಮಾಡುವ ಶಾಖೆ ಇನ್ನೊಂದು; ತಂದೆ ಕಾರ್ಯಾಗಾರದಲ್ಲಿ, ಮಗಳು ವಿಭಾಗೀಯ ಕಚೇರಿಯ ಅಡಿಯಲ್ಲಿ ಇದ್ದರಂತೂ ಎರಡು ಕಡೆಯ ಕಡತಗಳು ಒಂದಕ್ಕೊಂದು ತಾಕುವುದೇ ಇಲ್ಲ. ಅನುಮತಿ ಪತ್ರ ಕೈಗೆ ಬಂದಿದ್ದರೂ ಭತ್ಯೆ ಸಂಬಳದಲ್ಲಿ ಬರುತ್ತಲೇ ಇರುತ್ತದೆ, ಬಂದ ಹಣವನ್ನು ಯಾರೂ ಗಮನಿಸುವುದಿಲ್ಲ, ಕಡತ ತೆರೆದ ದಿನ ಅದೇ ಮುಳ್ಳಾಗಿ ನಿಲ್ಲುತ್ತದೆ. ಆದ್ದರಿಂದ ಮಗಳು ತನ್ನ ಸೇವಾಸಂಖ್ಯೆ ಬರೆದು ತನ್ನ ಬಿಲ್ ಶಾಖೆಗೆ ಪ್ರತ್ಯೇಕವಾಗಿ ಒಂದು ಪತ್ರ ಕೊಟ್ಟು, ಮುಂದಿನ ಸಂಬಳದ ಚೀಟಿ ಬಂದ ಕೂಡಲೇ ಗಳಿಕೆಯ ಕಡೆಯ ಸಾಲುಗಳನ್ನು ಒಂದೊಂದಾಗಿ ನೋಡಬೇಕು. ಮೂಲವೇತನ, ತುಟ್ಟಿಭತ್ಯೆ, ಸಾರಿಗೆ ಭತ್ಯೆ ಇವುಗಳ ನಡುವೆ ಎಚ್‌ಆರ್‌ಎ ಎಂಬ ಸಾಲು ಇನ್ನು ಕಾಣಬಾರದು. ಆ ತಿಂಗಳಿನಿಂದ ನಿವೃತ್ತಿಯ ತಿಂಗಳವರೆಗಿನ ಎಲ್ಲ ಸಂಬಳದ ಚೀಟಿಗಳನ್ನು ಮುದ್ರಿಸಿ ಒಂದು ಫೈಲಿನಲ್ಲಿ ಇಟ್ಟುಕೊಳ್ಳಿ. ಮುಂದೆ ನಿಮ್ಮ ಪರವಾಗಿ ಮಾತಾಡುವ ದಾಖಲೆಗಳಲ್ಲಿ ಇದಕ್ಕಿಂತ ಗಟ್ಟಿಯಾದದ್ದು ಇನ್ನೊಂದಿಲ್ಲ.

ಪ್ರತಿ ಪತ್ರಕ್ಕೂ ಎರಡು ಪ್ರತಿ ಮಾಡಿ, ಸ್ವೀಕೃತಿಯ ಮೊಹರು ಮತ್ತು ತಾರೀಖು ಇರುವ ಪ್ರತಿಯನ್ನು ಮನೆಯಲ್ಲಿಡಿ. ಮೇಲಧಿಕಾರಿಯ ಮೂಲಕ ಕಳುಹಿಸಿದ ಪತ್ರ ಯಾವ ದಿನ ಮುಂದಕ್ಕೆ ಹೋಯಿತೆಂಬ ನಮೂದನ್ನೂ ಕೇಳಿ ಬರೆದುಕೊಳ್ಳಿ. ಗುಮಾಸ್ತರು ಪರಿಚಯದವರೇ ಇದ್ದರೂ ಇದನ್ನು ಬಿಡಬಾರದು. ಅವರೂ ವರ್ಗವಾಗುತ್ತಾರೆ, ನಿವೃತ್ತರಾಗುತ್ತಾರೆ, ಮೊಹರು ಮಾತ್ರ ಉಳಿಯುತ್ತದೆ.

ಅದೇ ಮನೆಯೋ, ಬೇರೆ ಮನೆಯೋ

ಅರ್ಹತೆ ಸಾಬೀತಾದರೂ ಅದೇ ಬಾಗಿಲು ಸಿಗುತ್ತದೆಂದು ಖಾತ್ರಿಯಿಲ್ಲ. ಕ್ವಾರ್ಟರ್ಸುಗಳನ್ನು ಟೈಪುಗಳಾಗಿ ವಿಂಗಡಿಸಿದ್ದು, ನೌಕರರ ವೇತನ ಶ್ರೇಣಿಗೆ ತಕ್ಕಂತೆ ಅವರ ಟೈಪ್ ನಿರ್ಧಾರವಾಗುತ್ತದೆ. ಮಗನ ಅರ್ಹತೆ ತಂದೆಯ ಮನೆಯ ಟೈಪಿಗೆ ಸಮಾನವಾಗಿದ್ದರೆ ಅಥವಾ ಅದಕ್ಕಿಂತ ಮೇಲಿದ್ದರೆ ಅದೇ ಮನೆಯನ್ನು ಅವನ ಹೆಸರಿಗೆ ಕ್ರಮಬದ್ಧಗೊಳಿಸಬಹುದು. ತಂದೆ ಹಿರಿಯ ಸೂಪರ್‌ವೈಸರ್ ಆಗಿ ಟೈಪ್ 3ರಲ್ಲಿದ್ದು ಮಗ ಈಗಷ್ಟೇ ಸೇರಿ ಟೈಪ್ 2ಕ್ಕೆ ಅರ್ಹನಾಗಿದ್ದರೆ, ಅವನಿಗೆ ಟೈಪ್ 2ರ ಅಥವಾ ಅದರ ಕೆಳಗಿನ ಬೇರೆ ಮನೆ ಸಿಗುತ್ತದೆ, ಹಳೆಯ ಮನೆಯನ್ನು ಖಾಲಿಮಾಡಬೇಕಾಗುತ್ತದೆ. ಬಹಳ ವರ್ಷ ಬಾಳಿದ ಮನೆ, ಅಂಗಳದಲ್ಲಿ ಕೈಯಾರೆ ಬೆಳೆಸಿದ ತೆಂಗು, ಕರಿಬೇವು ಬಿಟ್ಟುಹೋಗುವ ಸಂಕಟ ದೊಡ್ಡದೇ. ಆದರೂ ಅದೇ ಮನೆ ಬೇಕೆಂದು ಹಟ ಹಿಡಿದು ಕೈಗೆ ಬಂದ ಹಂಚಿಕೆಯನ್ನು ತಿರಸ್ಕರಿಸುವುದು ಸರಿಯಲ್ಲವೆಂದೇ ನನ್ನ ಅಭಿಪ್ರಾಯ, ಏಕೆಂದರೆ ಸರದಿಯಿಲ್ಲದೆ ಸಿಗುವ ಮನೆ ಮತ್ತೆ ಸಿಗುವುದಿಲ್ಲ.

ಇನ್ನೆರಡು ಸಂಗತಿಗಳನ್ನು ಮೊದಲೇ ವಿಚಾರಿಸಿಕೊಳ್ಳಬೇಕು. ಕೆಲವು ಮನೆಗಳು ಒಂದು ಹುದ್ದೆಗೇ ಮೀಸಲಾಗಿರುತ್ತವೆ. ರಾತ್ರಿಹಗಲೆನ್ನದೆ ಕರೆ ಬಂದ ಕೂಡಲೇ ಹೋಗಬೇಕಾದ ಸಿಬ್ಬಂದಿಗಾಗಿ ನಿಲ್ದಾಣದ ಪಕ್ಕದಲ್ಲೋ ಗೇಟಿನ ಹತ್ತಿರವೋ ಕಟ್ಟಿದ ಮನೆಗಳು ಆ ಹುದ್ದೆಗೆ ಮುಂದೆ ಬರುವವರಿಗೆ ಬೇಕಾಗುತ್ತವೆ. ಎರಡನೆಯದು, ಕಾರ್ಯಾಗಾರದ ಮನೆಗಳು, ವಿಭಾಗದ ಮನೆಗಳು, ಕೇಂದ್ರ ಕಚೇರಿಯ ಮನೆಗಳು ಬೇರೆ ಬೇರೆ ಪೂಲ್‌ಗಳಲ್ಲಿ, ಅಂದರೆ ಪ್ರತ್ಯೇಕವಾಗಿ ಹಂಚುವ ಗುಂಪುಗಳಲ್ಲಿ, ಇರುತ್ತವೆ. ತಂದೆಯ ಪೂಲ್ ಒಂದು, ಮಗಳ ಪೂಲ್ ಇನ್ನೊಂದು ಆದರೆ ಎರಡೂ ಕಡೆಯ ಆಡಳಿತದ ಒಪ್ಪಿಗೆ ಬೇಕು, ಕೆಲವೊಮ್ಮೆ ಬದಲಿಗೆ ಒಂದು ಮನೆಯನ್ನು ಬಿಟ್ಟುಕೊಡುವ ಮಾತೂ ಬರುತ್ತದೆ. ಇಂಥ ಕಡತ ನಿಧಾನವಾಗಿ ಸಾಗುವುದರಿಂದ ಅರ್ಜಿಯನ್ನು ಆದಷ್ಟು ಮುಂಚೆ ಕೊಡಬೇಕು. ಮನೆ ಹಂಚಿಕೆಯ ಸಮಿತಿಗಳಲ್ಲಿ ಕಾರ್ಮಿಕ ಸಂಘಗಳ ಪ್ರತಿನಿಧಿಗಳೂ ಕೂರುತ್ತಾರೆ. ಅವರಿಗೆ ದಾಖಲೆಗಳ ಒಂದು ಸೆಟ್ ತಲುಪಿಸಿ ವಿಷಯ ವಿವರಿಸಿದರೆ ಸಹಾಯವಾಗುತ್ತದೆ.

ಅರ್ಜಿ ಮತ್ತು ಅದರ ಜೊತೆಗಿಡುವ ಕಾಗದ

ನಿವೃತ್ತಿಯ ಪ್ರಕರಣದಲ್ಲಿ, ಪಿಂಚಣಿ ಕಾಗದಪತ್ರ ತುಂಬುವ ಹೊತ್ತಿಗೇ ಮನೆಯ ಅರ್ಜಿಯನ್ನೂ ಕೊಡುವುದು ಒಳ್ಳೆಯದು. ಅರ್ಜಿದಾರರು ಮಗ ಅಥವಾ ಮಗಳು. ತಂದೆ ಅಥವಾ ತಾಯಿ ತಮಗೆ ಒಪ್ಪಿಗೆಯಿದೆಯೆಂದು ಸಹಿ ಮಾಡಿದ ಪತ್ರ ಜೊತೆಗಿರಲಿ. ಹಂಚಿಕೆಯ ಮೂಲ ಆದೇಶ, ಶೇರಿಂಗ್ ಅನುಮತಿ, ಎಚ್‌ಆರ್‌ಎ ನಿಂತದ್ದನ್ನು ತೋರಿಸುವ ಸಂಬಳದ ಚೀಟಿಗಳು, ಬಿಲ್ ಶಾಖೆಯಿಂದ ಭತ್ಯೆ ಪಾವತಿಯಾಗಿಲ್ಲವೆಂಬ ದೃಢೀಕರಣ, ಸ್ವಂತ ಮನೆ ಇಲ್ಲವೆಂಬ ಘೋಷಣೆ, ಸಂಬಂಧವನ್ನು ತೋರಿಸುವ ದಾಖಲೆ, ಇಷ್ಟು ಇದ್ದರೆ ಕಡತ ತನ್ನ ಕಾಲಮೇಲೆ ನಿಲ್ಲುತ್ತದೆ. ಹೆಸರಿನ ವಿಷಯದಲ್ಲಿ ಮಾತ್ರ ಜಾಗ್ರತೆ. ತಂದೆಯ ಸರ್ವಿಸ್ ರಿಜಿಸ್ಟರಿನಲ್ಲಿ ಬಸಪ್ಪ ಎಂದಿದ್ದು, ಮಗನ ಶಾಲೆಯ ದಾಖಲೆಯಲ್ಲಿ ತಂದೆಯ ಹೆಸರು ಬಸವರಾಜ ಎಂದಿರುವುದು, ಅಡ್ಡಹೆಸರು ಒಂದು ಕಡೆ ಇದ್ದು ಇನ್ನೊಂದು ಕಡೆ ಊರಿನ ಹೆಸರು ಇರುವುದು ನಮ್ಮ ಧಾರವಾಡ, ಗದಗ, ಹಾವೇರಿ ಸೀಮೆಯಲ್ಲಿ ಸಾಮಾನ್ಯ. ರೈಲ್ವೆಯ ದಾಖಲೆಯಲ್ಲಿ ತಂದೆ ಘೋಷಿಸಿದ ಕುಟುಂಬದ ಸದಸ್ಯರ ಪಟ್ಟಿಯಲ್ಲಿ ಮಗ ಅಥವಾ ಮಗಳ ಹೆಸರು ಯಾವ ರೀತಿ ಇದೆಯೆಂದು ನೋಡಿಕೊಂಡು, ವ್ಯತ್ಯಾಸವಿದ್ದರೆ ತಂದೆ ಇನ್ನೂ ಸೇವೆಯಲ್ಲಿ ಇರುವಾಗಲೇ ತಿದ್ದಿಸಬೇಕು. ಆಮೇಲೆ ತಿದ್ದಿಸುವುದು ಹತ್ತು ಪಟ್ಟು ಕಷ್ಟ.

ಅರ್ಜಿಯ ಹಿಂದೆಯೇ ಮನೆ ನೋಡಲು ಕ್ವಾರ್ಟರ್ಸುಗಳ ದುರಸ್ತಿ ನೋಡಿಕೊಳ್ಳುವ ವರ್ಕ್ಸ್ ವಿಭಾಗದವರು, ನಮ್ಮ ಹಿರಿಯರು ಇನ್ನೂ ಐಒಡಬ್ಲ್ಯೂ ಎಂದೇ ಕರೆಯುವ ಕಚೇರಿಯವರು, ಬರಬಹುದು. ಹಿತ್ತಲಿನಲ್ಲಿ ಅನುಮತಿಯಿಲ್ಲದೆ ಹಾಕಿದ ತಗಡಿನ ಶೆಡ್ಡು, ಹೆಚ್ಚುವರಿ ಬಚ್ಚಲು, ಪಕ್ಕಕ್ಕೆ ಎಳೆದ ವಿದ್ಯುತ್ ತಂತಿ ಇದ್ದರೆ ಮೊದಲೇ ತೆಗೆದುಬಿಡಿ. ಒಂದು ಕೋಣೆಯನ್ನು ಹೊರಗಿನವರಿಗೆ ಬಾಡಿಗೆಗೆ ಕೊಟ್ಟಿದ್ದರೆ ಅದು ಬರಿಯ ದೋಷವಲ್ಲ, 1966ರ ರೈಲ್ವೆ ಸೇವಾ (ನಡತೆ) ನಿಯಮಗಳ ಉಲ್ಲಂಘನೆ; ಅಂಥ ಮನೆಯನ್ನು ಮಗನ ಹೆಸರಿಗೆ ಕೇಳುವ ಬಾಯಿಯೇ ಉಳಿಯುವುದಿಲ್ಲ.

ನಿವೃತ್ತಿಯ ನಂತರ ಸಾಮಾನ್ಯ ಶುಲ್ಕ ಕಟ್ಟಿ ನಾಲ್ಕು ತಿಂಗಳು ಮನೆಯಲ್ಲಿ ಮುಂದುವರಿಯಲು ಅವಕಾಶವಿದೆ. ಮಕ್ಕಳ ಓದು ಅಥವಾ ಕಾಯಿಲೆಯ ಕಾರಣವಿದ್ದರೆ ಮತ್ತೆ ನಾಲ್ಕು ತಿಂಗಳು, ಎರಡು ಪಟ್ಟು ಶುಲ್ಕದ ಮೇಲೆ. ಇದು ತಾನಾಗಿಯೇ ಸಿಗುವುದಿಲ್ಲ, ಕೇಳಿ ಪಡೆಯಬೇಕು. ಮಗನ ಹೆಸರಿಗೆ ಅರ್ಜಿ ಕೊಟ್ಟಿದ್ದೇವಲ್ಲ, ಅದೇ ಸಾಕೆಂದು ಸುಮ್ಮನಿರಬೇಡಿ; ಅದರ ಜೊತೆಗೆ ಈ ಅನುಮತಿಯನ್ನೂ ಪ್ರತ್ಯೇಕವಾಗಿ ಕೇಳಿಡಿ. ಅನುಮತಿ ಮೀರಿ ಉಳಿದರೆ ಹಾನಿಬಾಡಿಗೆಯನ್ನು, ಅಂದರೆ ಅನಧಿಕೃತ ವಾಸಕ್ಕೆ ವಿಧಿಸುವ ದುಬಾರಿ ಬಾಡಿಗೆಯನ್ನು, ಹಾಕುತ್ತಾರೆ, ಹಾಗೆ ಉಳಿದ ಪ್ರತಿ ತಿಂಗಳಿಗೆ ನಿವೃತ್ತರ ಉಚಿತ ಪಾಸಿನ ಒಂದು ಸೆಟ್ ಕಡಿತವಾಗುತ್ತದೆ, 1993ರ ಪಿಂಚಣಿ ನಿಯಮಗಳಂತೆ ಗ್ರಾಚ್ಯುಟಿಯನ್ನೂ ತಡೆಹಿಡಿಯಬಹುದು. ಇಡೀ ಸೇವೆಯ ದುಡಿಮೆಯ ಫಲವಾದ ಗ್ರಾಚ್ಯುಟಿ ಒಂದು ಅನುಮತಿ ಪತ್ರದ ಕೊರತೆಯಿಂದ ನಿಲ್ಲುವುದು ನೋಡಲಾಗದ ಸ್ಥಿತಿ.

ಸೇವೆಯಲ್ಲಿರುವಾಗಲೇ ಹಿರಿಯರು ತೀರಿಕೊಂಡರೆ

ಇಲ್ಲಿ ನಿಯಮ ಸ್ವಲ್ಪ ಮೆತ್ತಗಿದೆ, ಮೆತ್ತಗಿರಲೂ ಬೇಕು. ನೌಕರರು ಸೇವೆಯಲ್ಲಿದ್ದಾಗ ತೀರಿಕೊಂಡರೆ ಕುಟುಂಬವು ಸಾಮಾನ್ಯ ಶುಲ್ಕದಲ್ಲಿಯೇ 24 ತಿಂಗಳವರೆಗೆ ಅದೇ ಮನೆಯಲ್ಲಿ ಇರಬಹುದು. ಬೇರೆ ಕಡೆ ನೆಲೆಯಿಲ್ಲದ ವಿಧವೆಯನ್ನು ದುಃಖದ ದಿನಗಳಲ್ಲಿ ಮನೆ ಬಿಡೆಂದು ಯಾರೂ ಅವಸರಿಸುವಂತಿಲ್ಲ. ಹಾಗೆ ಯಾರಾದರೂ ಬಾಯಿಮಾತಿನಲ್ಲಿ ಹೇಳಿದರೆ ಲಿಖಿತ ಆದೇಶ ಕೇಳಿ.

ಮರಣವನ್ನು 21 ದಿನಗಳೊಳಗೆ ನೋಂದಾಯಿಸಿ ಪ್ರಮಾಣಪತ್ರದ ಹಲವು ಪ್ರತಿಗಳನ್ನು ತೆಗೆದಿಟ್ಟುಕೊಳ್ಳಿ. ಆಸ್ಪತ್ರೆಯಲ್ಲಿ ತೀರಿಕೊಂಡಿದ್ದರೆ ಸಾಮಾನ್ಯವಾಗಿ ಅವರೇ ಮಾಹಿತಿ ಕಳುಹಿಸುತ್ತಾರೆ, ಮನೆಯಲ್ಲಾದರೆ ಹುಬ್ಬಳ್ಳಿ-ಧಾರವಾಡ ಮಹಾನಗರ ಪಾಲಿಕೆಗೆ ನೀವೇ ತಿಳಿಸಬೇಕು. ನಾಡಕಚೇರಿಯಿಂದ ಜೀವಂತ ಸದಸ್ಯರ ಪ್ರಮಾಣಪತ್ರವೂ ಬೇಕಾಗುತ್ತದೆ. ರೈಲ್ವೆಯ ವೆಲ್‌ಫೇರ್ ಇನ್‌ಸ್ಪೆಕ್ಟರ್ ಮನೆಗೆ ಬಂದು ಕುಟುಂಬ ಪಿಂಚಣಿ, ಬಾಕಿ ಹಣ, ಅನುಕಂಪದ ನೌಕರಿ ಇವುಗಳ ಕಾಗದ ತುಂಬಿಸಿಕೊಳ್ಳುತ್ತಾರೆ. ಅವರು ಬಂದ ದಿನವೇ ಮನೆಯ ವಿಷಯವನ್ನೂ ಎತ್ತಿ, 24 ತಿಂಗಳ ಅನುಮತಿಗೆ ಅರ್ಜಿ ಕೊಟ್ಟುಬಿಡಿ.

ಮುಂದೆ ಎರಡು ದಾರಿಗಳಿವೆ. ಮಗ ಅಥವಾ ಮಗಳು ಈಗಾಗಲೇ ರೈಲ್ವೆಯಲ್ಲಿದ್ದು ಆರು ತಿಂಗಳ ಷರತ್ತು ಪೂರೈಸಿದ್ದರೆ ತಕ್ಷಣ ಅರ್ಜಿ ಕೊಡಬಹುದು. ಯಾರೂ ನೌಕರಿಯಲ್ಲಿಲ್ಲದಿದ್ದರೆ ಅನುಕಂಪದ ನೇಮಕಾತಿಯನ್ನು ನೆಚ್ಚಬೇಕು. ಆಗ ಗಡಿಯಾರ ಮೊದಲ ದಿನದಿಂದಲೇ ಓಡುತ್ತಿರುತ್ತದೆ: ಕುಟುಂಬಕ್ಕೆ ಮನೆಯಲ್ಲಿರಲು ಸಿಕ್ಕ ಅವಧಿ ಮುಗಿಯುವ ಮೊದಲೇ ನೇಮಕದ ಆದೇಶ ಬಂದು, ಅದೇ ಊರಿನಲ್ಲಿ ಹಾಜರಾಗಿ, ಮನೆಗೆ ಅರ್ಜಿಯೂ ಬಿದ್ದಿರಬೇಕು. ವಿಧವೆ ಯಾರ ಹೆಸರನ್ನು ಸೂಚಿಸಬೇಕೆಂಬ ಬಗ್ಗೆ ಅಣ್ಣತಮ್ಮಂದಿರಲ್ಲಿ ಜಗಳವೆದ್ದು ವರ್ಷಗಟ್ಟಲೆ ಅರ್ಜಿಯೇ ಹೋಗದಿದ್ದರೆ ನೌಕರಿಯೂ ತಡವಾಗುತ್ತದೆ, ಮನೆಯೂ ಕೈಬಿಡುತ್ತದೆ. ಈ ತೀರ್ಮಾನವನ್ನು ಹಿರಿಯರನ್ನು ಕೂರಿಸಿಕೊಂಡು ಮೊದಲ ತಿಂಗಳುಗಳಲ್ಲೇ ಮುಗಿಸಬೇಕು. ಅವ್ವನ ಮಾತಿಗೆ ಅಲ್ಲಿ ಹೆಚ್ಚಿನ ತೂಕವಿರಬೇಕು, ಏಕೆಂದರೆ ಮನೆ ಹೋದರೆ ಮೊದಲು ಬೀದಿಗೆ ಬರುವವಳು ಅವಳು.

ಅರ್ಜಿ ತಿರಸ್ಕಾರವಾದರೆ

ಮೊದಲು ಕಾರಣವನ್ನು ಲಿಖಿತವಾಗಿ ಪಡೆಯಿರಿ. ಕೊಡದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕ ಕಟ್ಟಿ, ನಿಮ್ಮ ಅರ್ಜಿಯ ಕಡತದ ಟಿಪ್ಪಣಿ ಹಾಳೆಗಳ ನಕಲನ್ನು ಕೇಳಿ. 30 ದಿನಗಳೊಳಗೆ ಉತ್ತರ ಕೊಡಬೇಕು. ಕಾರಣ ತಿಳಿದ ಮೇಲೆ, ದಾಖಲೆ ಇದ್ದೂ ಗಮನಿಸದೆ ತಿರಸ್ಕರಿಸಿದ್ದರೆ ವಿಭಾಗೀಯ ರೈಲ್ವೆ ವ್ಯವಸ್ಥಾಪಕರಿಗೆ, ಕಾರ್ಯಾಗಾರದವರಾದರೆ ಅಲ್ಲಿನ ಮುಖ್ಯಸ್ಥರಿಗೆ, ದಾಖಲೆಗಳೊಂದಿಗೆ ಮನವಿ ಕೊಡಿ. ಅಲ್ಲಿಯೂ ನ್ಯಾಯ ಸಿಗದಿದ್ದರೆ ಬೆಂಗಳೂರಿನ ಕೇಂದ್ರ ಆಡಳಿತ ನ್ಯಾಯಮಂಡಳಿಗೆ ಹೋಗಬಹುದು. ಅಂತಿಮ ಆದೇಶ ಬಂದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು.

ಈ ನಡುವೆ ಎಸ್ಟೇಟ್ ಅಧಿಕಾರಿಯಿಂದ, ಅಂದರೆ ಮನೆ ತೆರವುಗೊಳಿಸುವ ಅಧಿಕಾರವುಳ್ಳವರಿಂದ, ನೋಟಿಸ್ ಬಂದರೆ ಅದನ್ನು ಮೂಲೆಗಿಡಬೇಡಿ. 1971ರ ಸಾರ್ವಜನಿಕ ಕಟ್ಟಡಗಳಿಂದ ಅನಧಿಕೃತ ವಾಸಿಗಳನ್ನು ತೆರವುಗೊಳಿಸುವ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯ ನಂತರ ಸರ್ಕಾರಿ ವಸತಿಯ ವಿಷಯದಲ್ಲಿ ಉತ್ತರ ಕೊಡಲು ಸಿಗುವುದು ಮೂರೇ ಕೆಲಸದ ದಿನಗಳು. ನಿಮ್ಮ ಅರ್ಜಿ ಬಾಕಿಯಿರುವುದನ್ನು ತೋರಿಸುವ ಸ್ವೀಕೃತಿ ಪ್ರತಿಯನ್ನು ಲಗತ್ತಿಸಿ ಅಷ್ಟರಲ್ಲೇ ಉತ್ತರ ಕೊಡಿ. ತೆರವಿನ ಆದೇಶವಾದರೆ 12 ದಿನಗಳೊಳಗೆ ಧಾರವಾಡದ ಜಿಲ್ಲಾ ನ್ಯಾಯಾಧೀಶರ ಮುಂದೆ ಮೇಲ್ಮನವಿ ಸಲ್ಲಿಸಲು ಅವಕಾಶವಿದೆ.

ಆದೇಶ ಬಂದ ಮೇಲೆ

ಹೊಸ ಹಂಚಿಕೆಯ ಆದೇಶ ಕೈಗೆ ಬಂದರೂ ಕಾಗದದ ಮೇಲೆ ಹಸ್ತಾಂತರ ಆಗಬೇಕು. ತಂದೆಯ ಹೆಸರಿನಲ್ಲಿ ಮನೆ ಬಿಟ್ಟದ್ದಕ್ಕೂ ಮಗಳ ಹೆಸರಿನಲ್ಲಿ ವಹಿಸಿಕೊಂಡದ್ದಕ್ಕೂ ವರ್ಕ್ಸ್ ಕಚೇರಿಯಲ್ಲಿ ಒಂದೇ ತಾರೀಖು ದಾಖಲಾಗುವಂತೆ ನೋಡಿಕೊಳ್ಳಿ; ನಡುವೆ ಒಂದು ತಿಂಗಳು ಯಾರ ಹೆಸರಿನಲ್ಲೂ ಇಲ್ಲದೆ ಉಳಿದರೆ ಆ ತಿಂಗಳಿನ ಹಾನಿಬಾಡಿಗೆ ತಂದೆಯ ತಲೆಗೆ ಬರುತ್ತದೆ. ಅದೇ ದಿನ ವಿದ್ಯುತ್ ಮೀಟರಿನ ಅಂಕಿಯನ್ನು ವಿದ್ಯುತ್ ವಿಭಾಗದವರಿಂದ ಬರೆಸಿ ಸಹಿ ಪಡೆದು, ಹಳೆಯ ಬಾಕಿ ತೀರಿಸಿ. ಮಗಳ ಮುಂದಿನ ಸಂಬಳದಲ್ಲಿ ಪರವಾನಗಿ ಶುಲ್ಕದ ಕಡಿತ ಶುರುವಾಗಿದೆಯೇ ಎಂದು ನೋಡಿ. ಶುರುವಾಗದಿದ್ದರೆ ಅವಳೇ ಬರೆದು ತಿಳಿಸಲಿ, ಮುಂದೊಂದು ದಿನ ವರ್ಷಗಳ ಬಾಕಿ ಒಟ್ಟಿಗೆ ಬೀಳುವುದು ತಪ್ಪುತ್ತದೆ. ಮನೆ ಬಿಟ್ಟ ಪತ್ರದ ಒಂದು ಪ್ರತಿ, ಬಾಕಿ ಇಲ್ಲವೆಂಬ ಪತ್ರ, ಹೊಸ ಹಂಚಿಕೆಯ ಆದೇಶ ಈ ಮೂರನ್ನೂ ತಂದೆಯ ನಿವೃತ್ತಿ ಹಣದ ಲೆಕ್ಕ ತೀರಿಸುವ ಸೆಟ್ಲ್‌ಮೆಂಟ್ ಶಾಖೆಗೆ ತಲುಪಿಸಿದ ಮೇಲೆಯೇ ತಡೆದಿಟ್ಟ ಗ್ರಾಚ್ಯುಟಿ ಬಿಡುಗಡೆಯಾಗುತ್ತದೆ. ಒಂದು ಶಾಖೆ ಇನ್ನೊಂದಕ್ಕೆ ತಾನಾಗಿ ತಿಳಿಸುತ್ತದೆಂದು ಕಾಯದೆ, ಸ್ವೀಕೃತಿ ಪಡೆದು ನೀವೇ ಕೈಯಾರೆ ಕೊಟ್ಟು ಬನ್ನಿ.